ಗೋಸುಂಬೆ ಹಗಲಲ್ಲಿ ಕಣ್ಣು ಮುಚ್ಚುತ್ತಿದೆಯೇ? ದೋಷ ಹುಡುಕುವ ಬಗೆ

"ಏನೋ ಇದು, ಮಧ್ಯಾಹ್ನ ಎಲ್ಲಾ ತೂಕಡಿಸ್ತಾನೇ ಇರುತ್ತಲ್ಲೋ. ಹುಷಾರಾಗಿದೆ ತಾನೇ?"

ಹಾಗೆ ಕೇಳಿದ್ದು ನಮ್ಮಮ್ಮ. ತುಮಕೂರಿಂದ ಮಿಶಿಗನ್‌ಗೆ ಬಂದು ಎರಡು ವಾರ ಆಗಿತ್ತು. ಬಂದ ದಿನ "ಬೇಲಿ ಮೇಲೆ ಕೂರೋ ಓತಿಕ್ಯಾತನ್ನ ಕಾಸು ಕೊಟ್ಟು ತಂದಿದೀಯಲ್ಲೋ" ಎಂದು ನಕ್ಕಿದ್ದರು. ಆಮೇಲೆ ಹಗಲೆಲ್ಲಾ ಅದರ ಗೂಡಿನ ಪಕ್ಕವೇ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ನಾನು ಬೆಳಗ್ಗೆ ಏಳೂವರೆಗೆ ಹುಳ ಹಾಕಿ ಆಫೀಸಿಗೆ ಹೊರಟರೆ ಬರುವುದು ಸಂಜೆ ಆರಕ್ಕೆ. ನಾನು ನೋಡುವ ಹೊತ್ತಿಗೆ ನಮ್ಮ ರಂಗ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದ. ನಡುವಿನ ಹತ್ತು ಗಂಟೆಯಲ್ಲಿ ಏನು ನಡೆಯುತ್ತಿತ್ತೋ ನನಗೆ ಗೊತ್ತೇ ಇರಲಿಲ್ಲ.

ಗೋಸುಂಬೆ ಹಗಲಲ್ಲಿ ನಿದ್ದೆ ಮಾಡುವುದಿಲ್ಲ. ದೀಪ ಆರಿದ ಮೇಲೆ ಮಲಗುತ್ತದೆ, ದೀಪ ಹತ್ತಿದ ಮೇಲೆ ಏಳುತ್ತದೆ. ಕೆಲವೊಮ್ಮೆ ಕಣ್ಣುಗುಡ್ಡೆಯನ್ನು ಬುಗ್ಗೆ ಥರ ಉಬ್ಬಿಸಿ, ಗರಗರ ತಿರುಗಿಸಿ, ಕೊಂಬೆಗೆ ಉಜ್ಜುತ್ತದೆ. ಅದು ಕಣ್ಣು ತೊಳೆಯುವ ರೀತಿ. ಮೊದಲ ಸಲ ನೋಡಿದವರು ಗಾಬರಿ ಬೀಳುತ್ತಾರೆ, ಆದರೆ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ಹಗಲಲ್ಲಿ ಹತ್ತು ನಿಮಿಷ, ಅರ್ಧ ಗಂಟೆ ಕಣ್ಣು ಮುಚ್ಚಿ ಕೂತರೆ ಮಾತ್ರ ಎಲ್ಲೋ ದೋಷ ಇದೆ ಎಂದೇ ಅರ್ಥ. ಆ ದೋಷವನ್ನು ನಾನು ಯಾವ ಕ್ರಮದಲ್ಲಿ ಹುಡುಕಿದೆ, ಎಲ್ಲೆಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ರಂಗ ಯಾರು ಎಂದು ಮೊದಲು ಹೇಳಬೇಕು. ಅವನು ವೇಲ್ಡ್ ಕಮೀಲಿಯನ್, ಅಂದರೆ ಯೆಮೆನ್ ಗೋಸುಂಬೆ. ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಮೂಲೆಯ ಗುಡ್ಡಗಾಡು ಇವುಗಳ ಮೂಲ. ಅಮೆರಿಕದಲ್ಲಿ ಸಾಕುವವರ ಮನೆಯಲ್ಲಿ ಜಾಸ್ತಿ ಕಾಣುವುದು ಇದೇ ಜಾತಿ, ಮತ್ತೆ ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆ. ಜಗತ್ತಿನಲ್ಲಿ ಇನ್ನೂರಕ್ಕೂ ಹೆಚ್ಚು ಗೋಸುಂಬೆ ಜಾತಿಗಳಿವೆ. ಹೆಚ್ಚುಕಡಿಮೆ ಅರ್ಧ ಮಡಗಾಸ್ಕರ್‌ನಲ್ಲೇ ಇವೆ. ಕೆಳಗೆ ಕೊಟ್ಟಿರುವ ಅಂಕಿಗಳು ಯೆಮೆನ್ ಗೋಸುಂಬೆಗೆ ಮಾತ್ರ. ಕೀನ್ಯಾದ ತಂಪು ಬೆಟ್ಟದಿಂದ ಬಂದ ಮೂರು ಕೊಂಬಿನ ಜಾಕ್ಸನ್ಸ್ ಗೋಸುಂಬೆಗೆ ಇದೇ ಬಿಸಿ ಕೊಟ್ಟರೆ ಅದು ಬದುಕುವುದು ಕಷ್ಟ.

ಊರಲ್ಲಿ ಓದುತ್ತಿರುವವರಿಗೆ ಒಂದು ಮಾತು. ನಮ್ಮ ಬಯಲುಸೀಮೆಯ ಹುಣಸೆ ಮರದಲ್ಲೋ ಜಾಲಿ ಬೇಲಿಯಲ್ಲೋ ಸಿಗುವ ಗೋಸುಂಬೆಯನ್ನು ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ವಿದೇಶಿ ಜಾತಿಗಳನ್ನೂ ಆ ಕಾಯ್ದೆಯ 2022ರ ತಿದ್ದುಪಡಿ ಬಂದ ಮೇಲೆ ನೋಂದಣಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಇನ್ನು ಅಮ್ಮ ಹೇಳಿದ ಓತಿಕ್ಯಾತ ಗೋಸುಂಬೆಯೇ ಅಲ್ಲ, ಬೇರೆ ಕುಲ. ಅದಕ್ಕೂ ಕತ್ತು ಕೆಂಪಾಗುತ್ತದೆ, ಅದಕ್ಕೇ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಓತಿಕ್ಯಾತ ಸರ್ರನೆ ಓಡುತ್ತದೆ. ಗೋಸುಂಬೆ ಗಾಳಿಗೆ ಅಲ್ಲಾಡುವ ಎಲೆಯ ಹಾಗೆ ಹಿಂದೆ ಮುಂದೆ ತೂಗುತ್ತಾ ಒಂದೊಂದೇ ಹೆಜ್ಜೆ ಇಡುತ್ತದೆ.

ಇವು ಕಂಡರೆ ಮುಂದೆ ಓದುತ್ತಾ ಕೂರಬೇಡಿ

ಕೊಂಬೆ ಹಿಡಿಯಲಾಗದೆ ಗೂಡಿನ ತಳದಲ್ಲಿ ಬಿದ್ದಿದೆ. ಇಡೀ ದಿನ ಎರಡೂ ಕಣ್ಣು ತೆರೆದೇ ಇಲ್ಲ. ಗೂಡು ತಂಪಾಗಿದ್ದರೂ ಕತ್ತು ಮೇಲಕ್ಕೆ ಚಾಚಿ ಬಾಯಿ ತೆರೆದು ಉಸಿರಾಡುತ್ತಿದೆ. ನಾಲಿಗೆ ಹೊರಗೇ ಜೋತು ಬಿದ್ದಿದೆ, ಒಳಗೆ ಹೋಗುತ್ತಿಲ್ಲ. ಹೆಣ್ಣಾಗಿದ್ದರೆ, ಮಣ್ಣು ಕೆದರಿ ಕೆದರಿ ಮೊಟ್ಟೆ ಇಡದೆ ಸುಸ್ತಾಗಿ ಕೂತಿದೆ.

ಇದರಲ್ಲಿ ಯಾವುದೇ ಒಂದಿದ್ದರೂ ಅವತ್ತೇ ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಹೋಗಿ. ನಾಯಿ, ಬೆಕ್ಕು ಮಾತ್ರ ನೋಡುವವರಿಂದ ಹೆಚ್ಚು ಪ್ರಯೋಜನ ಇಲ್ಲ. ಅಂಥ ವೈದ್ಯರು ಎಲ್ಲಿದ್ದಾರೆ ಎಂದು ಪ್ರಾಣಿ ಹುಷಾರಾಗಿರುವಾಗಲೇ ಹುಡುಕಿಟ್ಟುಕೊಳ್ಳಿ. ಕಾಡಿನಲ್ಲಿ ಸುಸ್ತಾದಂತೆ ಕಂಡ ಪ್ರಾಣಿಯನ್ನು ಹದ್ದೋ ಹಾವೋ ಮೊದಲು ಹಿಡಿಯುತ್ತದೆ. ಅದಕ್ಕೇ ಗೋಸುಂಬೆ ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುತ್ತದೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ತುಂಬಾ ದಿನದ ಕಾಯಿಲೆ ಆಗಿರುತ್ತದೆ.

ಅಷ್ಟು ಅವಸರ ಇಲ್ಲದಿದ್ದರೆ ಹುಡುಕಲು ಶುರು ಮಾಡಿ. ಆದರೆ ಪ್ರಾಣಿಯಿಂದಲ್ಲ, ಗೂಡಿನಿಂದ. ನಾನು ಕಂಡ ಹಾಗೆ ಸಾಕಿದ ಗೋಸುಂಬೆಯ ಹತ್ತರಲ್ಲಿ ಎಂಟು ತೊಂದರೆ ಹುಟ್ಟುವುದು ನಾವು ಕಟ್ಟಿದ ಗೂಡಿನಲ್ಲೇ.

ಒಂದು ಕಣ್ಣೋ, ಎರಡೂ ಕಣ್ಣೋ

ಒಂದೇ ಕಣ್ಣು ಮುಚ್ಚಿದ್ದರೆ ತೊಂದರೆ ಆ ಕಣ್ಣಿನದೇ ಇರಬಹುದು. ಪೊರೆ ಕಳಚುವಾಗ ಒಂದು ಚೂರು ರೆಪ್ಪೆಯಲ್ಲಿ ಉಳಿದಿರುತ್ತದೆ, ಅಥವಾ ಕಸ ಬಿದ್ದಿರುತ್ತದೆ. ಉಗುರು ಬೆಚ್ಚಗಿನ ನೀರನ್ನು ಮಂಜಿನ ಹಾಗೆ ಐದು ನಿಮಿಷ ಸಿಂಪಡಿಸಿದರೆ ತಾನೇ ಕಣ್ಣು ಉಬ್ಬಿಸಿ ತೊಳೆದುಕೊಳ್ಳುತ್ತದೆ. ಎರಡು ದಿನಕ್ಕೂ ಸರಿಹೋಗದಿದ್ದರೆ, ಊತ ಬಂದರೆ ವೈದ್ಯರು ನೋಡಬೇಕು. ಹತ್ತಿ, ಪಿನ್ನು ಹಿಡಿದುಕೊಂಡು ನೀವೇ ಕಣ್ಣಿಗೆ ಕೈ ಹಾಕಲು ಹೋಗಬೇಡಿ.

ಎರಡೂ ಕಣ್ಣು ಮುಚ್ಚುತ್ತಿದ್ದರೆ ಕಾರಣ ಇಡೀ ಮೈಗೆ ಸಂಬಂಧಿಸಿದ್ದು. ನೀರು ಸಾಲದು, ದೀಪ ಸರಿಯಿಲ್ಲ, ವಿಟಮಿನ್ ಕಡಿಮೆ, ಸೋಂಕು, ನೋವು, ಇವುಗಳಲ್ಲಿ ಒಂದು. ರಂಗನದು ಎರಡೂ ಕಣ್ಣು. ಹಾಗಾಗಿ ನಾನು ನೀರಿನಿಂದ ಶುರು ಮಾಡಿದೆ.

ಹಿಕ್ಕೆ ಸುಳ್ಳು ಹೇಳುವುದಿಲ್ಲ

ನೀರು ಸಾಕಾಗುತ್ತಿದೆಯೇ ಎಂದು ತಿಳಿಯಲು ಹಿಕ್ಕೆ ನೋಡಿದರೆ ಸಾಕು. ಕಂದು ಭಾಗದ ಜೊತೆಗೆ ಒಂದು ಬಿಳಿ ಭಾಗ ಇರುತ್ತದೆ. ಅದು ಗಟ್ಟಿ ರೂಪದ ಮೂತ್ರ. ಬಿಳಿಯಾಗಿ, ಮೆತ್ತಗಿದ್ದರೆ ನೀರಿನ ಚಿಂತೆ ಇಲ್ಲ. ತುದಿಯಲ್ಲಿ ಸ್ವಲ್ಪ ಹಳದಿ ಇದ್ದರೂ ಪರವಾಗಿಲ್ಲ. ಅದು ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿ, ಸುಣ್ಣದ ಉಂಡೆ ಥರ ಗಟ್ಟಿಯಾಗಿದ್ದರೆ ನೀರು ಸಾಲುತ್ತಿಲ್ಲ. ಕಣ್ಣುಗುಡ್ಡೆ ಒಳಗೆ ಇಳಿದಂತೆ ಕಾಣುವುದು ಆಮೇಲಿನ ಹಂತ.

ಬಟ್ಟಲಲ್ಲಿ ನೀರಿಟ್ಟರೆ ಗೋಸುಂಬೆ ಅದನ್ನು ನೀರು ಎಂದೇ ಗುರುತಿಸುವುದಿಲ್ಲ. ಎಲೆ ಮೇಲಿನ ಹನಿಯನ್ನು ನೆಕ್ಕಿ ಕುಡಿಯುವುದು ಅದರ ಅಭ್ಯಾಸ. ಬೆಳಗ್ಗೆ ದೀಪ ಹತ್ತುವ ಮುಂಚೆ ಎರಡು ನಿಮಿಷ, ರಾತ್ರಿ ದೀಪ ಆರಿದ ಮೇಲೆ ಎರಡು ನಿಮಿಷ ಎಲೆಗಳು ತೊಯ್ಯುವಂತೆ ಸಿಂಪಡಿಸಬೇಕು. ಹಗಲಲ್ಲಿ ಒಂದು ಡ್ರಿಪ್ಪರ್ ತೊಟ್ಟಿಕ್ಕುತ್ತಿದ್ದರೆ ಒಳ್ಳೆಯದು. ನಮ್ಮಲ್ಲಿ ಚಳಿಗಾಲದಲ್ಲಿ ಮನೆಯ ಹೀಟರ್ ಓಡಿ ಓಡಿ ಗಾಳಿಯ ತೇವ ನೂರಕ್ಕೆ ಇಪ್ಪತ್ತಕ್ಕೆ ಇಳಿಯುತ್ತದೆ. ನಮ್ಮ ತುಟಿಯೇ ಒಡೆಯುತ್ತದೆ, ಅದರ ಗತಿ ಏನು?

ಆದರೆ ಇಲ್ಲೊಂದು ಬಲೆ ಇದೆ. ತೇವ ಕಡಿಮೆ ಎಂದು ಹಗಲೆಲ್ಲಾ ಬಿಸಿ ದೀಪದ ಕೆಳಗೆ ಮಂಜು ಬಿಡುವವರಿದ್ದಾರೆ. ಬಿಸಿ ಮತ್ತು ಒದ್ದೆ ಒಟ್ಟಿಗೆ ಇದ್ದರೆ ಶ್ವಾಸಕೋಶದ ಸೋಂಕಿಗೆ ದಾರಿ. ಹಗಲಲ್ಲಿ ತೇವ ನೂರಕ್ಕೆ ಮೂವತ್ತರಿಂದ ಐವತ್ತು ಸಾಕು. ರಾತ್ರಿ ಗೂಡು ತಣ್ಣಗಾದ ಮೇಲೆ ಎಂಬತ್ತು ದಾಟಿದರೂ ಒಳ್ಳೆಯದೇ. ರಾತ್ರಿ ದೀಪ ಬೇಡ, ಬಿಸಿಯೂ ಬೇಡ. ಹದಿನೆಂಟು ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಒಳ್ಳೆಯ ನಿದ್ದೆ. ಯೆಮೆನ್ ಅಂದ ತಕ್ಷಣ ಮರಳುಗಾಡು ನೆನಪಾಗುತ್ತದೆ, ಆದರೆ ಇವು ಇರುವುದು ರಾತ್ರಿ ತಣ್ಣಗಾಗುವ ಬೆಟ್ಟದ ಸೀಮೆಯಲ್ಲಿ.

ರಂಗನ ಹಿಕ್ಕೆ ಬೆಳ್ಳಗೇ ಇತ್ತು. ಹಾಗಾಗಿ ನೀರನ್ನು ಪಟ್ಟಿಯಿಂದ ಬಿಟ್ಟೆ.

ನಾಲಿಗೆಯ ಗುರಿ

ಅವತ್ತು ಶನಿವಾರ. ಒಂದು ಕ್ರಿಕೆಟ್ ಹುಳುವನ್ನು ಎದುರಿನ ಕೊಂಬೆಯಲ್ಲಿ ಬಿಟ್ಟು ಪಕ್ಕದಲ್ಲೇ ಕೂತೆ. ನಮ್ಮ ಕಡೆಯ ಚಿಮ್ಮಂಡೆಯೇ ಅದು, ಇಲ್ಲಿ ಡಬ್ಬಿಯಲ್ಲಿ ಮಾರುತ್ತಾರೆ. ರಂಗ ಎರಡೂ ಕಣ್ಣನ್ನು ಮುಂದಕ್ಕೆ ತಿರುಗಿಸಿ ಗುರಿ ಹಿಡಿದ. ಬಾಯಿ ತೆರೆದ. ನಾಲಿಗೆಯ ತುದಿ ಒಂದು ಬೆರಳಷ್ಟು ಹೊರಗೆ ಬಂದು ನಿಂತಿತು. ಆಮೇಲೆ ಹಾರಿತು, ಆದರೆ ಹುಳುವಿಗೆ ಎರಡು ಇಂಚು ಮೊದಲೇ ಬಿತ್ತು. ಇನ್ನೊಂದು ಸಲ ಹಾಗೇ. ಮೂರನೇ ಸಲ ನಾಲಿಗೆಯ ಗೋಜಿಗೇ ಹೋಗದೆ ನಡೆದು ಹೋಗಿ ಬಾಯಲ್ಲೇ ಕಚ್ಚಿದ. ನಡೆಯುವಾಗ ಮುಂಗಾಲು ಸಣ್ಣಗೆ ನಡುಗುತ್ತಿತ್ತು, ವಯಸ್ಸಾದವರು ಕಾಫಿ ಲೋಟ ಹಿಡಿದ ಹಾಗೆ.

"ಚಳಿಗೆ ಹಾಗಾಗಿರಬಹುದು" ಎಂದು ಮೊದಲು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ತಪ್ಪು. ಗೋಸುಂಬೆಯ ನಾಲಿಗೆ ಹಾರುವುದು ಬರೀ ಸ್ನಾಯುವಿನ ಬಲದಿಂದಲ್ಲ. ಬಾಯೊಳಗೆ ಒಂದು ಕಡ್ಡಿಯಂಥ ಮೂಳೆ ಇದೆ. ಅದರ ಸುತ್ತ ಇರುವ, ರಬ್ಬರಿನಂತೆ ಹಿಗ್ಗುವ ಪದರಗಳನ್ನು ಸ್ನಾಯು ಮೊದಲೇ ಎಳೆದು ಬಿಗಿ ಹಿಡಿಯುತ್ತದೆ. ಬಿಟ್ಟಾಗ ಕವಣೆಯಂತೆ ಹಾರುತ್ತದೆ, ಮೈ ಉದ್ದದ ಎರಡು ಪಟ್ಟು ದೂರ ಹೋಗುವುದೂ ಉಂಟು. 2010ರಲ್ಲಿ ಇದೇ ಯೆಮೆನ್ ಗೋಸುಂಬೆಯ ಮೇಲೆ ನಡೆಸಿದ ಅಧ್ಯಯನದಲ್ಲಿ ಹದಿನೈದು ಡಿಗ್ರಿ ತಂಪಿನಲ್ಲೂ ನಾಲಿಗೆ ಹೆಚ್ಚುಕಡಿಮೆ ಅಷ್ಟೇ ಜೋರಾಗಿ ಹಾರಿತು. ನಿಧಾನ ಆಗಿದ್ದು ವಾಪಸ್ ಎಳೆದುಕೊಳ್ಳುವುದು. ಎಳೆಯುವುದಕ್ಕೆ ಕವಣೆ ಇಲ್ಲ, ಸ್ನಾಯುವೇ ದುಡಿಯಬೇಕು.

ಹಾಗಾಗಿ ಲೆಕ್ಕ ಸುಲಭ. ಹೊರಗೆ ಹೋದ ನಾಲಿಗೆ ನಿಧಾನಕ್ಕೆ ವಾಪಸ್ ಬಂದರೆ ಗೂಡು ತಣ್ಣಗಿದೆಯೇ ನೋಡಿ. ಹಾರುವುದೇ ಗಿಡ್ಡವಾದರೆ ಮೊದಲ ಅನುಮಾನ ಕ್ಯಾಲ್ಸಿಯಂ ಮೇಲೆ, ಆಮೇಲೆ ವಿಟಮಿನ್ ಎ ಕೊರತೆ ಅಥವಾ ನಾಲಿಗೆಗೆ ಪೆಟ್ಟು. ಹಾರಿದರೂ ಪಕ್ಕಕ್ಕೆ ಹೋಗಿ ಗುರಿ ತಪ್ಪುತ್ತಿದ್ದರೆ ಕಣ್ಣು ನೋಡಿ.

ಗಿಡ್ಡ ನಾಲಿಗೆ, ನಡುಗುವ ಕಾಲು, ಮುಚ್ಚುವ ಕಣ್ಣು. ಮೂರೂ ಸೇರಿ ಬೆರಳು ತೋರಿಸಿದ್ದು ಕ್ಯಾಲ್ಸಿಯಂ ಕಡೆಗೆ. ಆದರೆ ನಾನು ಪ್ರತಿ ಸಲವೂ ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚಿಯೇ ಕೊಡುತ್ತಿದ್ದೆನಲ್ಲ?

ದೀಪ ಉರಿಯುತ್ತಿದೆ, ಆದರೆ ಕೆಲಸ ಮಾಡುತ್ತಿದೆಯೇ?

ಹೆಚ್ಚಿನವರು ಎಡವುವುದು ಇಲ್ಲೇ. ನಾನೂ ಎಡವಿದೆ.

ಹೊಟ್ಟೆಗೆ ಹೋದ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ವಿಟಮಿನ್ ಡಿ3 ಬೇಕು. ಕಾಡಿನ ಗೋಸುಂಬೆ ಅದನ್ನು ಬಿಸಿಲಿನಿಂದ ತನ್ನ ಚರ್ಮದಲ್ಲೇ ಮಾಡಿಕೊಳ್ಳುತ್ತದೆ. ಬಿಸಿಲಿನ ಯುವಿಬಿ ಭಾಗ, ಅಂದರೆ ಸುಮಾರು 290ರಿಂದ 315 ನ್ಯಾನೋಮೀಟರ್ ಅಲೆಯ ಬೆಳಕು, ಚರ್ಮದಲ್ಲಿ ಆ ಕೆಲಸ ಶುರು ಮಾಡುತ್ತದೆ. ಮೈ ಬಿಸಿ ಅದನ್ನು ಮುಗಿಸುತ್ತದೆ. ಯುವಿಬಿ ಸಿಗದಿದ್ದರೆ ಪುಡಿ ಎಷ್ಟು ಹಚ್ಚಿದರೂ ಅದು ಹಿಕ್ಕೆಯಲ್ಲಿ ಹೋಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಮೈ ಅದನ್ನು ಮೂಳೆಯಿಂದ ಕಿತ್ತುಕೊಳ್ಳುತ್ತದೆ. ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ, ದವಡೆ ರಬ್ಬರಿನಂತಾಗುತ್ತದೆ. ಕೊನೆಗೆ ಕೊಂಬೆ ಹಿಡಿಯಲೂ ಆಗುವುದಿಲ್ಲ. ಸಾಕಿದ ಗೋಸುಂಬೆಗಳನ್ನು ಕಾಡುವ ಮೂಳೆ ರೋಗ ಇದೇ.

ಯುವಿಬಿ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಗೂಡಿನಲ್ಲಿ ಬಿಸಿಲಿನ ಬದಲು ಯುವಿಬಿ ಕೊಡಲು ಹಾಕುವ ಟ್ಯೂಬು ಹಳತಾದಾಗ ಬಿಳಿ ಬೆಳಕು ಹಾಗೇ ಇರುತ್ತದೆ, ಯುವಿಬಿ ಮಾತ್ರ ಇಳಿಯುತ್ತಾ ಹೋಗುತ್ತದೆ. ನೋಡುವವರಿಗೆ ದೀಪ ಝಗಝಗ ಉರಿಯುತ್ತಿದೆ. ಗೋಸುಂಬೆಯ ಪಾಲಿಗೆ ಅದು ಆರಿ ತಿಂಗಳುಗಳಾಗಿರುತ್ತವೆ.

ನನ್ನ ಟ್ಯೂಬು ಯಾವಾಗ ಕೊಂಡಿದ್ದು ಎಂದು ಬಿಲ್ ತೆಗೆದು ನೋಡಿದೆ. ಹದಿನಾರು ತಿಂಗಳು! ಟಿ5 ಎಂಬ ತೆಳ್ಳನೆಯ ಉದ್ದ ಟ್ಯೂಬನ್ನು ಹೆಚ್ಚೆಂದರೆ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅಳೆಯುವ ಮೀಟರ್ ಇಲ್ಲದವರು ಇನ್ನೂ ಬೇಗ ಬದಲಾಯಿಸಿದರೆ ನಷ್ಟವೇನಿಲ್ಲ. ಒಬ್ಬ ಸ್ನೇಹಿತರಿಂದ ಸೋಲಾರ್‌ಮೀಟರ್ 6.5 ಎರವಲು ತಂದೆ. ಯುವಿ ಸೂಚ್ಯಂಕ ತೋರಿಸುವ ಕೈ ಮೀಟರ್ ಅದು, ಇನ್ನೂರು ಡಾಲರ್ ದಾಟುತ್ತದೆ, ಒಬ್ಬರೇ ಕೊಳ್ಳುವುದಕ್ಕಿಂತ ನಾಲ್ಕು ಜನ ಸೇರಿ ಕೊಳ್ಳುವುದು ಮೇಲು. ರಂಗ ಬಿಸಿಲು ಕಾಯಿಸುವ ಕೊಂಬೆಯಲ್ಲಿ, ಅವನ ಬೆನ್ನಿನ ಮಟ್ಟದಲ್ಲಿ ಹಿಡಿದೆ. ಸುಮಾರು 3 ಬರಬೇಕಾದ ಜಾಗದಲ್ಲಿ 0.7 ಬಂತು.

ಹಳೇ ಟ್ಯೂಬು ಅಂದರೂ ಇಷ್ಟು ಇಳಿಯುತ್ತದಾ ಎಂದು ಅನುಮಾನ ಬಂತು. ಮೀಟರನ್ನು ಮೇಲೆ ಕೆಳಗೆ ಆಡಿಸಿದಾಗ ಇನ್ನೊಂದು ತಪ್ಪು ಸಿಕ್ಕಿತು. ಬೇಸಿಗೆಯಲ್ಲಿ ಮನಿ ಪ್ಲಾಂಟ್ ಕುಂಡ ಬದಲಾಯಿಸುವಾಗ ಆ ಕೊಂಬೆಯನ್ನು ಬಿಚ್ಚಿದ್ದೆ. ಮತ್ತೆ ಕಟ್ಟುವಾಗ ಏಳೆಂಟು ಇಂಚು ಕೆಳಗೆ ಕಟ್ಟಿದ್ದೆ. ಬೆಳಕು ದೂರ ಹೋದಷ್ಟೂ ಯುವಿಬಿ ಬೇಗ ಬೇಗ ಇಳಿಯುತ್ತದೆ. ಜೊತೆಗೆ ಮೇಲಿನ ಜಾಲರಿಯೇ ಮೂರರಲ್ಲಿ ಒಂದು ಪಾಲು ತಡೆಯುತ್ತದೆ. ಹಳೇ ಟ್ಯೂಬು, ಕೆಳಗಿನ ಕೊಂಬೆ, ಧೂಳು ಹಿಡಿದ ಜಾಲರಿ. ಮೂರೂ ಸೇರಿದವು.

"ನೋಡೋ, ಯಾವಾಗಲೂ ದೀಪಕ್ಕೆ ಅಂಟಿಕೊಂಡೇ ಇರುತ್ತೆ, ಅದಕ್ಕೆ ಚಳಿ" ಎಂದು ಅಮ್ಮ ಹೇಳಿದ್ದು ಆಗ ನೆನಪಾಯಿತು. ರಂಗ ಜಾಲರಿಗೇ ಜೋತು ಬಿದ್ದು ಟ್ಯೂಬಿನ ಕೆಳಗೆ ನೇತಾಡುತ್ತಿದ್ದ. ಪ್ಯಾಂಥರ್ ಗೋಸುಂಬೆಗಳ ಮೇಲೆ 2009ರಲ್ಲಿ ಬಂದ ಒಂದು ಅಧ್ಯಯನ ಇದೆ. ಆಹಾರದಲ್ಲಿ ಡಿ3 ಕಡಿಮೆ ಸಿಕ್ಕವು ಯುವಿ ಬೆಳಕಿಗೆ ಜಾಸ್ತಿ ಮೈ ಒಡ್ಡಿದವು, ಸಾಕಷ್ಟು ಸಿಕ್ಕವು ಕಡಿಮೆ ಒಡ್ಡಿದವು. ರಂಗನೂ ಅದನ್ನೇ ಮಾಡುತ್ತಿದ್ದ ಎಂದು ನನ್ನ ಊಹೆ.

ದೀಪ ಪರೀಕ್ಷಿಸುವಾಗ ಇನ್ನೆರಡು ವಿಷಯ. ಗಾಜಿನ ಕಿಟಕಿಯ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ. ಇನ್ನೊಂದು, ಸುರುಳಿಯಾಕಾರದ ಸಣ್ಣ ಯುವಿ ಬಲ್ಬು. ನನಗೆ ಮೊದಲು ಗೂಡು ಮಾರಿದ ಅಂಗಡಿಯವರು ಕಿಟ್ ಜೊತೆ ಅದನ್ನೇ ಕೊಟ್ಟು "ಇದು ಸಾಕು ಸಾರ್" ಎಂದಿದ್ದರು. ನಾಲ್ಕಡಿ ಎತ್ತರದ ಗೂಡಿಗೆ ಅದು ಸಾಕಾಗುವುದಿಲ್ಲ. ಒಂದು ಮೂಲೆಗೆ ಬೀಳುತ್ತದೆ, ಉಳಿದದ್ದೆಲ್ಲಾ ಕತ್ತಲೆ. ಉದ್ದ ಟ್ಯೂಬೇ ಬೇಕು, ನೂರಕ್ಕೆ ಆರರ ಯುವಿಬಿಯದು.

ಪುಡಿ ಡಬ್ಬಗಳು

ದೀಪ ಸೋತರೂ ಹೊಟ್ಟೆಯ ದಾರಿಯಲ್ಲಿ ಸ್ವಲ್ಪ ಡಿ3 ಹೋಗುತ್ತಿದ್ದರೆ ಇಷ್ಟು ಆಗುತ್ತಿರಲಿಲ್ಲ. ಡಬ್ಬ ತೆಗೆದು ಓದಿದೆ. ದಿನದ ಕ್ಯಾಲ್ಸಿಯಂ ಪುಡಿಯಲ್ಲಿ ಡಿ3 ಇಲ್ಲ, ಇರಲೂಬಾರದು. ಡಿ3 ಮತ್ತು ವಿಟಮಿನ್ ಎ ಇರುವ ಮಲ್ಟಿವಿಟಮಿನ್ ಪುಡಿಯನ್ನು ಹದಿನೈದು ದಿನಕ್ಕೊಮ್ಮೆ ಹಚ್ಚಬೇಕು. ಆ ಡಬ್ಬ ಖಾಲಿಯಾಗಿ ಮೂರು ತಿಂಗಳಾಗಿತ್ತು. "ಮುಂದಿನ ವಾರ ತರೋಣ" ಎಂದು ಮುಂದೂಡುತ್ತಲೇ ಇದ್ದೆ.

ಹಾಗಂತ ಗಾಬರಿಯಲ್ಲಿ ದಿನಾ ಹಚ್ಚಲು ಹೋಗಬೇಡಿ. ಡಿ3 ಮತ್ತು ಎ ಎರಡೂ ಮೈಯಲ್ಲೇ ಉಳಿಯುವ ವಿಟಮಿನ್‌ಗಳು. ಅತಿಯಾದರೆ ಕತ್ತಿನ ಸುತ್ತ ಕಾಲರ್ ಥರ ನೀರು ತುಂಬಿ ಊದಿಕೊಳ್ಳುವುದುಂಟು. ಅಂಥ ಊತ ಕಂಡರೆ ಪುಡಿ ನಿಲ್ಲಿಸಿ ವೈದ್ಯರನ್ನು ಕೇಳಿ.

ಕ್ಯಾಲ್ಸಿಯಂ ಪುಡಿ ಪ್ರತಿ ಸಲ ಏಕೆ? ಕ್ರಿಕೆಟ್ ಹುಳುವಿನಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಹಚ್ಚುವುದೆಂದರೆ ತಿಂಡಿಗೆ ಸಕ್ಕರೆ ಉದುರಿಸಿದಷ್ಟು, ಹಿಟ್ಟಿನಲ್ಲಿ ಹೊರಳಿಸಿದಷ್ಟಲ್ಲ. ಹುಳಕ್ಕೂ ಒಂದು ದಿನ ಮುಂಚೆ ಕ್ಯಾರೆಟ್, ಸಾಸಿವೆ ಸೊಪ್ಪು ತಿನ್ನಿಸಿರಬೇಕು. ಪಾಲಕ್ ಬೇಡ, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. "ಹುಳಕ್ಕೆ ಸೊಪ್ಪು ಹೆಚ್ಚೋದು, ಆಮೇಲೆ ಹುಳವನ್ನ ಇದಕ್ಕೆ ಹಾಕೋದು, ಒಳ್ಳೇ ಸಂಸಾರ ಕಣೋ ನಿಂದು" ಎಂದು ಅಮ್ಮ ಗೊಣಗುತ್ತಲೇ ಸೊಪ್ಪು ಹೆಚ್ಚಿಕೊಟ್ಟರು.

ಬಿಸಿ

ಇದನ್ನು ಬೇಗ ಮುಗಿಸುತ್ತೇನೆ. ಗಂಡಿಗೆ ಬಿಸಿ ದೀಪದ ಕೆಳಗೆ 29ರಿಂದ 32 ಡಿಗ್ರಿ ಸೆಲ್ಸಿಯಸ್, ಹೆಣ್ಣಿಗೆ 27 ಸಾಕು. ಉಳಿದ ಗೂಡು 22ರಿಂದ 25. ಗೂಡಿನ ಗೋಡೆಗೆ ಅಂಟಿಸಿದ ಥರ್ಮಾಮೀಟರ್ ನಂಬಬೇಡಿ, ಕೊಂಬೆಯ ಮೇಲೆ ಬೆನ್ನಿನ ಮಟ್ಟದಲ್ಲಿ ಅಳೆಯಿರಿ. ಯೆಮೆನ್ ಗೋಸುಂಬೆಯ ತಲೆಯ ಮೇಲೆ ಕೋಳಿ ಜುಟ್ಟಿನಂಥ ಎತ್ತರದ ಏಣು ಇರುತ್ತದೆ. ಕೊಂಬೆ ದೀಪಕ್ಕೆ ಹತ್ತಿರವಿದ್ದರೆ ಮೊದಲು ಸುಡುವುದು ಅದೇ. ಸುಟ್ಟರೂ ಅದು ತಕ್ಷಣ ಸರಿಯುವುದಿಲ್ಲ, ಮಾರನೇ ದಿನ ಆ ಜಾಗ ಕಪ್ಪಾಗುತ್ತದೆ. ಬೆನ್ನು ತಿಳಿಯಾಗಿ ಬಿಳಿಚಿಕೊಂಡು ಬಾಯಿ ತೆರೆದಿದ್ದರೆ ಸೆಖೆ, ದೀಪ ಎತ್ತರಿಸಿ. ದೀಪ ಆರಿಸಿ ತಣ್ಣಗಾದ ಮೇಲೂ ಬಾಯಿ ತೆರೆದೇ ಇದ್ದರೆ, ಉಸಿರಿನ ಜೊತೆ ಟಿಕ್ ಟಿಕ್ ಸದ್ದು, ಮೂಗಲ್ಲಿ ಬಾಯಲ್ಲಿ ನೊರೆ ಇದ್ದರೆ ಸೋಂಕು. ಅದಕ್ಕೆ ಮನೆ ಮದ್ದಿಲ್ಲ.

ಬಣ್ಣ ಏನು ಹೇಳುತ್ತದೆ

ಗೋಸುಂಬೆ ಕೂತ ಜಾಗದ ಬಣ್ಣಕ್ಕೆ ತಿರುಗುತ್ತದೆ ಎಂದು ನಾವೆಲ್ಲಾ ನಂಬಿದ್ದೇವೆ. ರಾಜಕಾರಣಿಗಳನ್ನು ಬೈಯಲು ಆ ನಂಬಿಕೆ ಬೇಕೇ ಬೇಕು. ನಿಜದಲ್ಲಿ ಅದು ಬಣ್ಣ ಬದಲಿಸುವುದು ಮೈಬಿಸಿಗೆ, ಮನಸ್ಸಿನ ಸ್ಥಿತಿಗೆ, ಇನ್ನೊಂದು ಗೋಸುಂಬೆಗೆ ಸಂದೇಶ ಕೊಡುವುದಕ್ಕೆ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಪ್ಯಾಂಥರ್ ಗೋಸುಂಬೆಯಲ್ಲಿ ಇದರ ಗುಟ್ಟು ತೋರಿಸಿದರು. ಚರ್ಮದ ಜೀವಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಸೂಕ್ಷ್ಮ ಹರಳುಗಳು ಸಾಲಾಗಿ ಕೂತಿವೆ. ಶಾಂತವಾಗಿದ್ದಾಗ ಹರಳುಗಳು ಹತ್ತಿರ ಹತ್ತಿರ, ನೀಲಿ ಬೆಳಕನ್ನು ಹಿಂದಿರುಗಿಸುತ್ತವೆ. ಅದರ ಮೇಲಿನ ಹಳದಿ ಸೇರಿ ಹಸಿರು ಕಾಣುತ್ತದೆ. ಕೆರಳಿದಾಗ ಹರಳುಗಳ ನಡುವಿನ ಅಂತರ ಹೆಚ್ಚುತ್ತದೆ, ಹಳದಿ, ಕೆಂಪು ಕಾಣುತ್ತವೆ.

ದೋಷ ಹುಡುಕುವವರಿಗೆ ಇದರಲ್ಲಿ ಏನಿದೆ? ಬೆಳಗ್ಗೆ ಕಪ್ಪಗಿದ್ದರೆ ಬಿಸಿ ಹೀರುತ್ತಿದೆ, ಸಹಜ. ಮಧ್ಯಾಹ್ನವೂ ಕಪ್ಪಗೇ ಇದ್ದರೆ ಚಳಿ, ನೋವು ಅಥವಾ ಹೆದರಿಕೆ. ಕಪ್ಪು ಹಸಿರಿನ ಮೇಲೆ ಹಳದಿ ನೀಲಿ ಚುಕ್ಕೆ ಎದ್ದ ಹೆಣ್ಣು ಬಸುರಿ ಇರಬಹುದು. ರಂಗ ಒಂದು ತಿಂಗಳು ಸಂಜೆ ಹೊತ್ತು ಮಾತ್ರ ಪಟ್ಟೆ ಪಟ್ಟೆಯಾಗಿ ಉಬ್ಬಿಕೊಂಡು ಬುಸುಗುಟ್ಟುತ್ತಿದ್ದ. ಹೊರಗೆ ಕತ್ತಲಾದಾಗ ಎದುರಿನ ಕಿಟಕಿ ಕನ್ನಡಿಯಾಗಿ, ಅದರಲ್ಲಿ ಇನ್ನೊಬ್ಬ ಗಂಡು ಕಾಣುತ್ತಿದ್ದ. ಪರದೆ ಎಳೆದೆ, ಜಗಳ ಮುಗಿಯಿತು. ಒಂದೇ ಗೂಡಿನಲ್ಲಿ ಎರಡು ಗೋಸುಂಬೆ ಇಡಬಾರದು ಎನ್ನುವುದೂ ಇದಕ್ಕೇ. ಜೊತೆಗಾರ ಸಿಕ್ಕ ಎಂದು ಅವು ಖುಷಿ ಪಡುವುದಿಲ್ಲ.

ತಿನ್ನುತ್ತಿಲ್ಲ ಎನ್ನುವವರಿಗೆ

ಮೊದಲು ವಯಸ್ಸು ಕೇಳಿಕೊಳ್ಳಿ. ಮರಿ ದಿನಾ ತಿನ್ನುತ್ತದೆ. ಒಂದು ವರ್ಷ ದಾಟಿದ ಗಂಡಿಗೆ ದಿನ ಬಿಟ್ಟು ದಿನ ನಾಲ್ಕೈದು ಹುಳ ಸಾಕು. ದಿನಾ ಹತ್ತು ಹಾಕಿ "ಬಿಡ್ತಾ ಇದೆ" ಎಂದರೆ ಅದು ಕಾಯಿಲೆಯಲ್ಲ, ಹೊಟ್ಟೆ ತುಂಬಿದೆ. ಪೊರೆ ಬಿಡುವ ಒಂದೆರಡು ದಿನ ತಿನ್ನುವುದಿಲ್ಲ. ಒಂದೇ ಹುಳ ತಿಂಗಳಾನುಗಟ್ಟಲೆ ಕೊಟ್ಟರೂ ಮುಖ ತಿರುಗಿಸುತ್ತದೆ. ರೇಷ್ಮೆ ಹುಳು ಸಿಕ್ಕರೆ ಕೊಟ್ಟು ನೋಡಿ. ಯೆಮೆನ್ ಗೋಸುಂಬೆಗೆ ಸೊಪ್ಪುಸದೆಯ ಚಪಲವೂ ಇದೆ. ರಂಗ ದಾಸವಾಳದ ಹೂವನ್ನು ದೇವರ ತಲೆಗೆ ಏರುವ ಮುಂಚೆಯೇ ತಿಂದು ಅಮ್ಮನ ಹತ್ತಿರ ಬೈಸಿಕೊಂಡಿದ್ದಾನೆ. ಇದೆಲ್ಲ ಸರಿಯಿದ್ದೂ ವಾರಕ್ಕಿಂತ ಜಾಸ್ತಿ ತಿನ್ನದಿದ್ದರೆ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿ ಹೊಟ್ಟೆ ಹುಳುವಿನ ಪರೀಕ್ಷೆಗೆ ಕೊಡಿ.

ಹೆಣ್ಣಾಗಿದ್ದರೆ ಮೊಟ್ಟೆ ಮರೆಯಬೇಡಿ. ಗಂಡಿನ ಮುಖವನ್ನೇ ನೋಡದ ಹೆಣ್ಣೂ ಮೊಟ್ಟೆ ಇಡುತ್ತದೆ, ಒಂದು ಸಲಕ್ಕೆ ಇಪ್ಪತ್ತರಿಂದ ಎಂಬತ್ತರವರೆಗೆ. ಕೆದರಲು ಒಂದಡಿ ಆಳದ ಒದ್ದೆ ಮರಳು ಇಲ್ಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯಬಹುದು. ಗಂಡೋ ಹೆಣ್ಣೋ ಗೊತ್ತಿಲ್ಲದವರು ಹಿಂಗಾಲಿನ ಹಿಮ್ಮಡಿ ನೋಡಿ. ಹುಟ್ಟಿದಾಗಿನಿಂದಲೇ ಗಂಡಿಗೆ ಅಲ್ಲೊಂದು ಸಣ್ಣ ಮುಳ್ಳು ಇರುತ್ತದೆ.

ರಂಗನಿಗೆ ಏನಾಯಿತು

ಸೋಮವಾರ ವೈದ್ಯರು ಎಕ್ಸ್‌ರೇ ತೆಗೆದರು. ಕಾಲಿನ ಮೂಳೆಗಳು ಇರಬೇಕಾದಷ್ಟು ಬೆಳ್ಳಗೆ ಕಾಣಲಿಲ್ಲ, ಮಾಸಲಾಗಿದ್ದವು. ಮುರಿದಿರಲಿಲ್ಲ, ಪುಣ್ಯ. ಬಾಯಿಗೆ ಹಾಕಲು ದ್ರವ ಕ್ಯಾಲ್ಸಿಯಂ ಕೊಟ್ಟರು, ಪ್ರಮಾಣ ತೂಕ ನೋಡಿ ಅವರೇ ಬರೆದರು. ಇದನ್ನು ಅಂದಾಜಿನಲ್ಲಿ ಮನೆಯಲ್ಲೇ ಮಾಡಬೇಡಿ. ಬಾಯಿ ತೆರೆಸುವಾಗ ದವಡೆ ಒತ್ತಬಾರದು, ಮೆತ್ತಗಾಗಿರುತ್ತದೆ. ಅವನನ್ನು ಕೆರಳಿಸಿದರೆ ತಾನೇ ಬಾಯಿ ತೆರೆಯುತ್ತಾನೆ, ಆಗ ಹನಿ ಬಿಟ್ಟರಾಯಿತು. ಕೆರಳಿಸುವುದು ಕಷ್ಟವೇ ಅಲ್ಲ, ನನ್ನ ಮುಖ ತೋರಿಸಿದರೆ ಸಾಕು.

ಗೂಡಿನಲ್ಲಿ ಮಾಡಿದ್ದು ಇಷ್ಟು. ಹೊಸ ಟ್ಯೂಬು ಹಾಕಿದೆ. ಜಾಲರಿ ಉಜ್ಜಿ ತೊಳೆದೆ. ಕೊಂಬೆಯನ್ನು ಮೀಟರ್ ಹಿಡಿದುಕೊಂಡೇ ಮೇಲಕ್ಕೆ ಕಟ್ಟಿದೆ, 3 ಬರುವವರೆಗೆ. ಬಿದ್ದರೆ ಪೆಟ್ಟಾಗದಿರಲಿ ಎಂದು ಎತ್ತರದ ಇತರ ಕೊಂಬೆಗಳನ್ನು ತೆಗೆದು, ತಳಕ್ಕೆ ಹಳೇ ಟವೆಲ್ ಮಡಚಿ ಹಾಕಿದೆ. ಹುಳವನ್ನು ನಾಲಿಗೆಗೆ ಕೆಲಸವಿಲ್ಲದಂತೆ ಬಾಯಿಯ ಹತ್ತಿರವೇ ಚಿಮಟದಲ್ಲಿ ಹಿಡಿದು ಕೊಟ್ಟೆ. ರಾತ್ರಿ ಉಳಿದ ಕ್ರಿಕೆಟ್ ಹುಳುಗಳನ್ನು ಹುಡುಕಿ ಹೊರಗೆ ತೆಗೆಯುತ್ತಿದ್ದೆ, ಮಲಗಿದ ಗೋಸುಂಬೆಯನ್ನು ಅವು ಕಚ್ಚುತ್ತವೆ.

ಮೂರು ವಾರಕ್ಕೆ ಮಧ್ಯಾಹ್ನದ ತೂಕಡಿಕೆ ನಿಂತಿತು ಎಂದು ಅಮ್ಮ ವರದಿ ಕೊಟ್ಟರು. ಎರಡು ತಿಂಗಳಿಗೆ ಕಾಲಿನ ಹಿಡಿತ ಬಂತು, ಕೈ ಮೇಲೆ ಬಿಟ್ಟರೆ ಉಗುರು ಚುಚ್ಚುವಷ್ಟು. ನಾಲಿಗೆ ಈಗ ಒಂದಡಿ ಆಚೆಯ ಹುಳವನ್ನು ಹೊಡೆಯುತ್ತದೆ. ಬಲ ಮುಂಗಾಲಿನ ಮೊಣಕೈ ಹತ್ತಿರ ಸಣ್ಣದೊಂದು ಬಾಗು ಉಳಿದಿದೆ. ಅದು ಇನ್ನು ನೆಟ್ಟಗಾಗುವುದಿಲ್ಲ ಎಂದರು ವೈದ್ಯರು.

ಹೊಸ ಟ್ಯೂಬಿನ ತುದಿಯಲ್ಲಿ ಹಾಕಿದ ತಾರೀಕನ್ನು ಮಾರ್ಕರ್‌ನಲ್ಲಿ ಬರೆದಿದ್ದೇನೆ. ಅಮ್ಮ ಊರಿಗೆ ಹೋದ ಮೇಲೆ ಗೂಡಿನ ಎದುರು ಒಂದು ಸಣ್ಣ ಕ್ಯಾಮೆರಾ ಇಟ್ಟೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಒಂದು ಸಲ ತೆರೆದು, ಕಣ್ಣು ಬಿಟ್ಟಿದ್ದಾನಾ ಎಂದು ನೋಡುತ್ತೇನೆ.